ಹತ್ತು ಗಂಟೆಗೆ ತಿರುಗಿದ ಎಡಪಾದ

ನನಗೆ ನಲವತ್ತೊಂದು ತುಂಬಿದ ವರ್ಷ ನಾನು ಪಿಎಚ್‌ಡಿಗೆ ಸೇರಿದೆ. ಅದಕ್ಕೂ ಮೊದಲಿನಿಂದ ಚಂದ್ರಾ ಲೇಔಟಿನ ಒಂದು ಬೇಕರಿಯ ಮೇಲ್ಮಹಡಿಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸಿಕೊಂಡಿದ್ದೆ. ಬೆಳಿಗ್ಗೆ ಮಂಡಿನೋವಿನ ಅಜ್ಜಿಯರು, ಸಂಜೆ ಕುತ್ತಿಗೆ ಹಿಡಿದುಕೊಂಡ ಬ್ಯಾಂಕಿನವರು. ಕೆಳಗಿನಿಂದ ಬರುವ ಬನ್ನಿನ ವಾಸನೆಗೇ ಅರ್ಧ ನೋವು ಇಳಿಯುತ್ತದೆ ಎಂದು ಒಬ್ಬ ಅಜ್ಜಿ ಹೇಳುತ್ತಿದ್ದರು. ಹದಿನೈದು ವರ್ಷ ಜನರ ಸೊಂಟ, ಬೆನ್ನು ಹಿಡಿದು ನೋಡಿದ ಮೇಲೆ ನನ್ನೊಳಗೆ ಒಂದು ಪ್ರಶ್ನೆ ಕೂತುಬಿಟ್ಟಿತ್ತು. ಒಬ್ಬರ ಕೀಲಿನ ಹಾಗೆ ಇನ್ನೊಬ್ಬರ ಕೀಲು ಇರುವುದಿಲ್ಲ. ಹಾಗಿದ್ದ ಮೇಲೆ ಎಲ್ಲರಿಗೂ ಒಂದೇ ರೀತಿ ನಿಲ್ಲಿ, ಒಂದೇ ರೀತಿ ಬಾಗಿ ಎಂದು ಯಾಕೆ ಹೇಳುತ್ತೇವೆ?

ಕೆಂಗೇರಿಯ ಆಚೆ ಒಂದು ಕಾಲೇಜಿನಲ್ಲಿ ದೇಹದ ಚಲನೆಯನ್ನು ಅಳೆಯುವ ಪ್ರಯೋಗಾಲಯ ಶುರುವಾಗಿತ್ತು. ನೆಲದಲ್ಲಿ ಹೂತಿಟ್ಟ ಎರಡು ಉಕ್ಕಿನ ಹಲಗೆಗಳು, ಸುತ್ತ ಗೋಡೆಯ ಮೇಲೆ ಕ್ಯಾಮೆರಾಗಳು. ಹಲಗೆಯ ಮೇಲೆ ನಿಂತವರ ಯಾವ ಕಾಲಿನ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ಅದು ಕ್ಷಣಕ್ಷಣಕ್ಕೂ ಬರೆದಿಡುತ್ತಿತ್ತು. ಅಲ್ಲಿನ ಪ್ರೊಫೆಸರು ನನಗಿಂತ ಆರು ವರ್ಷ ಚಿಕ್ಕವರು. ನನ್ನ ಪ್ರಶ್ನೆ ಕೇಳಿಸಿಕೊಂಡು, "ನಿಮ್ಮ ಪ್ರಶ್ನೆಗೆ ಒಂದು ಒಳ್ಳೆ ಜಾಗ ಇದೆ ಮೇಡಂ. ಗಾಲ್ಫ್," ಎಂದರು.

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಚೆಂಡು ಹೊಡೆಯುವ ಮೊದಲು ಆಟಗಾರ ನಿಲ್ಲುವ ನಿಲುವಿಗೆ ಸೆಟಪ್ ಎನ್ನುತ್ತಾರೆ, ಪಾದಗಳ ಮಧ್ಯೆ ಎಷ್ಟು ಅಂತರ, ಹೆಬ್ಬೆರಳು ಯಾವ ಕಡೆ, ಚೆಂಡು ಎಲ್ಲಿ, ಸೊಂಟ ಎಷ್ಟು ಬಾಗಿರಬೇಕು, ಕೋಲನ್ನು ಹೇಗೆ ಹಿಡಿಯಬೇಕು ಎಂಬುದೆಲ್ಲ ಅದರಲ್ಲೇ ಬರುತ್ತದೆ ಎಂದು ವಿವರಿಸಿದರು. "ಇದನ್ನೆಲ್ಲ ಎಲ್ಲರಿಗೂ ಒಂದೇ ಥರ ಹೇಳಿಕೊಡ್ತಾರೆ. ದೇಹ ಬೇರೆಬೇರೆ ಇದ್ರೆ ನಿಲುವೂ ಬೇರೆ ಇರಬೇಕಾ? ಅಷ್ಟೇ ನೋಡಿ."

ಮನೆಯಲ್ಲಿ ಹೇಳಿದಾಗ ಒಬ್ಬೊಬ್ಬರದು ಒಂದೊಂದು ಮಾತು. ಬಸವೇಶ್ವರನಗರದ ನನ್ನ ಚಿಕ್ಕಮ್ಮ, "ಗಾಲ್ಫಾ? ಅದು ದುಡ್ಡಿರೋರ ಆಟ ಅಲ್ವೇನೇ? ಮಂಡಿನೋವಿನ ಮೇಲೆ ಮಾಡಿದ್ರೆ ನಮಗಾದ್ರೂ ಉಪಯೋಗ ಆಗ್ತಿತ್ತು," ಎಂದರು. ರಾಜಾಜಿನಗರದಲ್ಲಿದ್ದ ಅಪ್ಪ ಮಾತ್ರ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, "ಅದರಲ್ಲಿ ಏನಮ್ಮ ಅಳೀತೀಯ?" ಎಂದು ಕೇಳಿದರು.

"ನಿಲ್ಲೋದನ್ನ, ಅಪ್ಪ."

"ಬರೀ ನಿಲ್ಲೋದನ್ನಾ?"

"ಹೂಂ."

"ಹಾಗಾದ್ರೆ ಕಷ್ಟದ ಕೆಲಸಾನೇ," ಎಂದು ಮತ್ತೆ ಕನ್ನಡಕ ಹಾಕಿಕೊಂಡರು.

ಅಪ್ಪ ದಾವಣಗೆರೆಯಿಂದ ಇಪ್ಪತ್ತನೇ ವಯಸ್ಸಿಗೆ ಬಂದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ, ಅಚ್ಚು-ಉಪಕರಣ ತಯಾರಿಸುವ ಟೂಲ್ ರೂಮಿನಲ್ಲಿ, ಮೂವತ್ತೈದು ವರ್ಷ ದುಡಿದವರು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳ ತುದಿಯಲ್ಲಿ ಮುಟ್ಟಿ ಹೇಳಬಲ್ಲವರು. ಅವರು ಒಂದು ಕೆಲಸವನ್ನು ಕಷ್ಟದ್ದು ಎಂದರೆ ಅದು ಮೆಚ್ಚುಗೆ.

ಮೊದಲ ವರ್ಷ ಓದಿನಲ್ಲೇ ಹೋಯಿತು. ಎರಡನೇ ವರ್ಷ ಅಳತೆಗೆ ಜನ ಬೇಕಾದರು. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದ ಮೇಲೆ ಬಲೆ ಕಟ್ಟಿದ ಒಂದು ಮೈದಾನ ಇತ್ತು. ಗಾಲ್ಫ್ ಕಲಿಯುವವರು ಅಲ್ಲಿ ಸಾಲಾಗಿ ನಿಂತು ಬುಟ್ಟಿಗಟ್ಟಲೆ ಚೆಂಡು ಹೊಡೆದು ಅಭ್ಯಾಸ ಮಾಡುತ್ತಿದ್ದರು. ಅಲ್ಲಿನ ಮ್ಯಾನೇಜರ್ ಒಪ್ಪಿ, ಬರುವವರನ್ನು ಕೇಳಿಕೊಳ್ಳಿ ಎಂದರು. ನಾನು ವಾರಕ್ಕೆ ಮೂರು ದಿನ ಬೆಳಿಗ್ಗೆ ಆರೂವರೆಗೆಲ್ಲ ಅಲ್ಲಿ ಒಪ್ಪಿಗೆ ಪತ್ರಗಳ ಕಟ್ಟು ಹಿಡಿದು ಕೂರುತ್ತಿದ್ದೆ. ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವರು. ಐವತ್ತರ ಆಸುಪಾಸಿನ ಗಂಡಸರು, ಒಳ್ಳೆಯ ಶೂ, ಸ್ವಲ್ಪ ಹೊಟ್ಟೆ, ಸ್ವಲ್ಪ ಬೆನ್ನುನೋವು. ಬೇಗ ಒಪ್ಪುತ್ತಿದ್ದರು, ಬೆನ್ನುನೋವಿನ ಬಗ್ಗೆ ಬಿಟ್ಟಿ ಸಲಹೆ ಸಿಗುತ್ತದಲ್ಲ.

ಒಂದು ದಿನ ನಾನು ಇನ್ನೂ ಬೇಗ ತಲುಪಿದೆ. ಗಿರಾಕಿಗಳು ಯಾರೂ ಬಂದಿರಲಿಲ್ಲ. ಸಾಲಿನ ಕೊನೆಯಲ್ಲಿ ಒಬ್ಬ ಹೆಂಗಸು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ತುಕ್ಕು ಹಿಡಿದ ಒಂದು ಹಳೆಯ ಕೋಲಿನಿಂದ ಚೆಂಡು ಹೊಡೆಯುತ್ತಿದ್ದರು. ನನಗೆ ಅವರ ಮುಖ ಗೊತ್ತಿತ್ತು. ಮೈದಾನದಲ್ಲಿ ಬಿದ್ದ ಚೆಂಡುಗಳನ್ನು ಆರಿಸಿ, ತೊಳೆದು, ಬುಟ್ಟಿ ತುಂಬಿಸಿಡುವ ಕೆಲಸದವರು. ನಲವತ್ತಾರೋ ನಲವತ್ತೇಳೋ ಇರಬಹುದು, ಗಟ್ಟಿ ಮೈಕಟ್ಟು. ಅವರು ಹೊಡೆದ ಚೆಂಡು ಮೊದಲ ಬಾವುಟದ ಪಕ್ಕಕ್ಕೆ ಬಿತ್ತು. ಎರಡನೆಯದೂ ಅಲ್ಲೇ ಬಿತ್ತು. ಮೂರನೆಯದು ಬೀಳುವ ಹೊತ್ತಿಗೆ ನಾನು ಕುರ್ಚಿ ಬಿಟ್ಟು ಎದ್ದಿದ್ದೆ.

ನನ್ನನ್ನು ಕಂಡದ್ದೇ ಕೋಲನ್ನು ಹಿಂದಕ್ಕೆ ಮುಚ್ಚಿಟ್ಟುಕೊಂಡರು. "ಮ್ಯಾನೇಜರ್‌ಗೆ ಹೇಳ್ಬೇಡಿ ಮೇಡಂ. ಬಿಸಾಕಿದ್ ಕೋಲು ಇದು. ಸುಮ್ನೆ ಆಡ್ತಾ ಇದ್ದೆ."

"ಯಾರು ಹೇಳಿಕೊಟ್ರು ನಿಮಗೆ?"

"ಯಾರೂ ಇಲ್ಲ. ಹನ್ನೆರಡು ವರ್ಷದಿಂದ ಎಲ್ರೂ ಹೊಡೆಯೋದ್ ನೋಡ್ತಾ ಇದೀನಲ್ಲ."

ಆಗ ನಾನು ಅವರ ಕಾಲು ನೋಡಿದೆ. ಎದುರಿಗಿರುವ ಚೆಂಡಿನ ದಿಕ್ಕನ್ನು ಗಡಿಯಾರದ ಹನ್ನೆರಡು ಎಂದುಕೊಂಡರೆ, ಪುಸ್ತಕದ ಪ್ರಕಾರ ಎಡಪಾದದ ಹೆಬ್ಬೆರಳು ಹನ್ನೊಂದರ ಕಡೆಗೆ ಇರಬೇಕು. ಇವರದು ಹತ್ತಕ್ಕೆ ತಿರುಗಿತ್ತು. ಪಾದಗಳ ನಡುವಿನ ಅಂತರವೂ ಕಡಿಮೆ. ಯಾವ ಕೋಚ್ ನೋಡಿದರೂ ಮೊದಲು ಆ ಕಾಲನ್ನೇ ಸರಿ ಮಾಡುತ್ತಿದ್ದ.

"ನಮ್ಮ ಲ್ಯಾಬಿಗೆ ಬರ್ತೀರಾ? ನೀವು ಹೊಡೆಯೋದನ್ನ ಅಳೀಬೇಕು," ಎಂದೆ.

ಅವರು ಹಿಂದೆ ತಿರುಗಿ ನೋಡಿದರು, ನಾನು ಬೇರೆ ಯಾರಿಗೋ ಹೇಳುತ್ತಿದ್ದೇನೆ ಎಂಬಂತೆ.

ಬರಲು ಅವರಿಗಿದ್ದ ಒಂದೇ ತೊಂದರೆ ಬಟ್ಟೆಯದು. ಕ್ಯಾಮೆರಾಗಳು ಗುರುತಿಸಬೇಕಾದರೆ ಮೈಗೆ ಅಂಟಿದ ಬಟ್ಟೆಯ ಮೇಲೆ ಹೊಳೆಯುವ ಚಿಕ್ಕ ಗುಂಡುಗಳನ್ನು ಹಚ್ಚಬೇಕು. ಸೀರೆಯಲ್ಲಿ ಅದು ಆಗದು. ಆ ಶನಿವಾರ ಪ್ರಯೋಗಾಲಯದಲ್ಲಿ ಹೆಂಗಸರು ಮಾತ್ರ ಇರುವಂತೆ ಏರ್ಪಾಡು ಮಾಡಿದೆ. ಅವರು ಕಾಲೇಜಿಗೆ ಹೋಗುವ ಮಗಳ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, ಮೇಲೊಂದು ಶಾಲು ಹೊದ್ದು, ಮಗಳನ್ನೂ ಕರೆದುಕೊಂಡು ಮಲ್ಲತ್ತಹಳ್ಳಿಯಿಂದ ಬಸ್ಸಿನಲ್ಲಿ ಬಂದರು. ಹಲಗೆಯ ಮೇಲೆ ನಿಲ್ಲುವ ಮೊದಲು ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಮ್ಮ ದಾಖಲೆಯಲ್ಲಿ ಅವರು ಹದಿನೇಳನೆಯವರು.

ಮೊದಲು ಅವರದೇ ನಿಲುವಿನಲ್ಲಿ ಹತ್ತು ಚೆಂಡು. ಎದುರಿನ ಬಲೆಗೆ ಒಂದೊಂದೂ ಬಡಿಯುತ್ತಿದ್ದಾಗ ಕಂಪ್ಯೂಟರಿನಲ್ಲಿ ಕಾಲಿನ ಮೇಲಿನ ಭಾರದ ಗೆರೆಗಳು ಮೂಡುತ್ತಿದ್ದವು. ಬೇರೆಯವರ ಹತ್ತು ಹೊಡೆತಗಳ ಗೆರೆಗಳು ಕೆದರಿದ ಕೂದಲಿನ ಹಾಗೆ ಬರುತ್ತಿದ್ದವು. ಇವರ ಹತ್ತೂ ಒಂದರ ಮೇಲೊಂದು ಕೂತು ಒಂದೇ ದಪ್ಪ ಗೆರೆಯಾಗಿದ್ದವು. ನಾನು ಯಂತ್ರ ಕೆಟ್ಟಿರಬೇಕು ಎಂದುಕೊಂಡೆ.

ಆಮೇಲೆ ನಿಯಮದ ಪ್ರಕಾರ ಪುಸ್ತಕದ ನಿಲುವಿನಲ್ಲಿ ಹತ್ತು ಚೆಂಡು. ನಾನೇ ಬಗ್ಗಿ, ನನ್ನ ಕೈಯಿಂದಲೇ ಅವರ ಎಡಪಾದವನ್ನು ಹಿಡಿದು ಹನ್ನೊಂದಕ್ಕೆ ತಿರುಗಿಸಿ ಇಟ್ಟೆ. "ಹೀಗೆ ನಿಂತ್ಕೊಳ್ಳಿ. ಹೀಗೇ ಸರಿ."

ನಾಲ್ಕನೆಯ ಹೊಡೆತಕ್ಕೆ ಅವರು "ಅಮ್ಮಾ" ಎಂದು ಕೋಲು ಬಿಟ್ಟು ಸೊಂಟ ಹಿಡಿದುಕೊಂಡರು.

ಪ್ರಯೋಗ ಅಲ್ಲಿಗೇ ನಿಲ್ಲಿಸಿದೆ. ಐಸ್ ಇಟ್ಟೆ, ಮಲಗಿಸಿದೆ, ಆಟೋದಲ್ಲಿ ನಾನೇ ಮನೆಗೆ ಬಿಟ್ಟು ಬಂದೆ. ಹದಿನೈದು ವರ್ಷ ಜನರ ಬೆನ್ನು ಸರಿ ಮಾಡಿದವಳು ಒಬ್ಬರ ಬೆನ್ನನ್ನು ನನ್ನ ಕೈಯಾರೆ ಕೆಡಿಸಿ ಕಳಿಸಿದ್ದೆ. ಆಟೋದಲ್ಲಿ ಅವರು ನನ್ನನ್ನೇ ಸಮಾಧಾನ ಮಾಡುತ್ತಿದ್ದರು. "ಬಿಡಿ ಮೇಡಂ, ಬುಟ್ಟಿ ಎತ್ತುವಾಗ್ಲೂ ಹಿಡ್ಕೊಳತ್ತೆ." ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಭಾನುವಾರ. ಮಲ್ಲತ್ತಹಳ್ಳಿ ಕೆರೆಯ ಹಿಂದಿನ ಬೀದಿಯಲ್ಲಿ ಅವರ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಹೊಸ್ತಿಲಲ್ಲಿ ಪುಟ್ಟ ರಂಗೋಲಿ. ಮಗಳು ಚಾಪೆ ಹಾಸಿದಳು. ತಾಯಿಯನ್ನು ಬೋರಲಾಗಿ ಮಲಗಿಸಿ ಬೆನ್ನಿಗೆ ಶಾಖ ಕೊಟ್ಟೆ. ನೋವು ಅಷ್ಟೊಂದು ಇರಲಿಲ್ಲ, ಸ್ನಾಯು ಹಿಡಿದಿತ್ತು ಅಷ್ಟೇ. ಹಾಗೇ ಕೈ ಅಭ್ಯಾಸಕ್ಕೆ ಅವರ ಎರಡೂ ಮಂಡಿಗಳನ್ನು ಮಡಿಸಿ, ಪಾದಗಳನ್ನು ಮೇಲೆ ಮಾಡಿ, ಹೊರಗಡೆಗೆ ಬಾಗಲು ಬಿಟ್ಟೆ. ಸೊಂಟದ ಕೀಲು ಒಳಮುಖವಾಗಿ ಎಷ್ಟು ತಿರುಗುತ್ತದೆ ಎಂದು ನೋಡುವ ಸುಲಭದ ಪರೀಕ್ಷೆ ಇದು. ಕ್ಲಿನಿಕ್ಕಿನಲ್ಲಿ ದಿನಕ್ಕೆ ಹತ್ತು ಸಲ ಮಾಡುತ್ತಿದ್ದೆ. ಬಲಗಾಲು ಸಲೀಸಾಗಿ ಹೊರಕ್ಕೆ ಬಾಗಿತು. ಎಡಗಾಲು ಒಂದು ಚೂರು ಹೋಗಿ, ಬಾಗಿಲಿಗೆ ಚಿಲಕ ಹಾಕಿದಂತೆ ನಿಂತುಬಿಟ್ಟಿತು. ಇನ್ನೊಂದು ಸಲ ಮಾಡಿದೆ. ಹಾಗೇ ನಿಂತಿತು. ಸ್ನಾಯುವಿನ ಬಿಗಿತ ಅಲ್ಲ. ಮೂಳೆಯೇ ಹುಟ್ಟಿನಿಂದ ಹಾಗೆ ಕೂತಿತ್ತು.

"ನಿಮ್ಮ ಎಡಗಾಲು ಮೊದಲಿಂದಾನೂ ಹೀಗೇನಾ?"

"ಹೂಂ ಮೇಡಂ. ಸ್ಕೂಲಲ್ಲಿ ಡ್ರಿಲ್ ಮಾಡ್ಸುವಾಗ ಮೇಷ್ಟ್ರು ಕಾಲ್ ನೆಟ್ಟಗಿಡು ಅಂತ ಬೆತ್ತದಲ್ಲಿ ತಟ್ಟೋರು. ಆಗಲ್ಲ ಅಂದ್ರೆ ಸೋಮಾರಿ ಅನ್ನೋರು. ಕೊನೇ ಸಾಲಿಗೆ ಹಾಕ್ಬಿಟ್ರು."

ನಾನು ಚಾಪೆಯ ಮೇಲೆ ಹಾಗೇ ಕೂತುಬಿಟ್ಟೆ. ಬಲಗೈಯವರು ಚೆಂಡು ಹೊಡೆದು ಮುಗಿಸುವಾಗ ಇಡೀ ಮೈ ಎಡಗಾಲಿನ ಮೇಲೆ ತಿರುಗಬೇಕು. ಆ ಕೀಲಿಗೆ ತಿರುಗಲು ಜಾಗ ಇಲ್ಲದಿದ್ದರೆ ಪಾದವನ್ನೇ ಮೊದಲೇ ಹೊರಕ್ಕೆ ತಿರುಗಿಸಿಟ್ಟುಕೊಂಡು ಜಾಗ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಆ ತಿರುವನ್ನೆಲ್ಲ ಸೊಂಟದ ಮೇಲಿನ ಬೆನ್ನು ಹೊರಬೇಕು. ಅವರ ದೇಹ ಯಾರೂ ಹೇಳಿಕೊಡದೆ ಅದನ್ನು ಕಂಡುಕೊಂಡಿತ್ತು. ನಾನು ಪುಸ್ತಕ ಹಿಡಿದುಕೊಂಡು ಅದನ್ನು ತಿದ್ದಲು ಹೋಗಿದ್ದೆ.

"ನಿಮ್ಮ ಕಾಲು ತಪ್ಪಿಲ್ಲ," ಎಂದೆ. "ನಾನು ಇಟ್ಟಿದ್ದು ತಪ್ಪು."

ಅವರು ಮಲಗಿದ್ದಲ್ಲಿಂದಲೇ ತಲೆ ತಿರುಗಿಸಿ ನನ್ನನ್ನು ನೋಡಿದರು. ಆಮೇಲೆ ಮಗಳಿಗೆ, "ಮೇಡಂಗೆ ಕಾಫಿ ಮಾಡೇ," ಎಂದರು.

ಸೋಮವಾರ ಪ್ರೊಫೆಸರಿಗೆ ನಡೆದದ್ದನ್ನೆಲ್ಲ ಹೇಳಿದೆ. ಕಾಲೇಜಿನ ನೀತಿ ಸಮಿತಿಗೂ ಬರೆದುಕೊಟ್ಟೆ. ಪ್ರೊಫೆಸರು ಕಾಗದ ನೋಡುತ್ತಾ, "ಹದಿನೇಳನ್ನ ತೆಗೆದುಬಿಡೋಣ ಮೇಡಂ. ಟ್ರೈನಿಂಗ್ ಇಲ್ಲ, ಟ್ರಯಲ್ ಅರ್ಧಕ್ಕೆ ನಿಂತಿದೆ. ಎಲ್ಲರಿಗಿಂತ ದೂರ ಹೋಗಿ ಕೂತಿರೋ ಚುಕ್ಕೆ ಅದು," ಎಂದರು.

"ಸಾರ್, ಅವರನ್ನ ತೆಗೆದ್ರೆ ನಮ್ಮ ಪ್ರಶ್ನೆನೇ ತೆಗೆದ ಹಾಗೆ."

"ಒಬ್ಬರ ಮೇಲೆ ಥೀಸಿಸ್ ಕಟ್ಟಕ್ಕಾಗಲ್ಲ."

"ಕಟ್ಟೋದು ಬೇಡ. ಆದ್ರೆ ನಾವು ಯಾರ ಕೀಲನ್ನೂ ನೋಡದೆ ಎಲ್ಲರ ಕಾಲನ್ನೂ ಹನ್ನೊಂದಕ್ಕೆ ಇಟ್ಟಿದೀವಿ. ಉಳಿದ ಹದಿನಾರು ಜನರ ಕೀಲು ಹೇಗಿದೆ ಅಂತ ನಮಗೆ ಗೊತ್ತಾ?"

ನಾನು ಜೀವನದಲ್ಲಿ ಮೇಷ್ಟ್ರುಗಳಿಗೆ ಎದುರು ಮಾತಾಡಿದವಳಲ್ಲ. ಅವತ್ತು ಆಡಿದೆ. ಆ ಹತ್ತು ಗೆರೆಗಳು ಒಂದೇ ಗೆರೆಯಾಗಿದ್ದ ಚಿತ್ರವನ್ನು ಅವರ ಮುಂದಿಟ್ಟೆ. ಅವರು ಅದನ್ನು ಎತ್ತಿಕೊಂಡು ನೋಡಿದರು. ಒಂದು ಸಲ ಕಂಪ್ಯೂಟರ್ ತೆರೆದು ಯಂತ್ರ ಸರಿಯಿತ್ತಾ ಎಂದು ತಾವೇ ಪರೀಕ್ಷಿಸಿದರು. ಸರಿಯಿತ್ತು.

"ಮತ್ತೆ ಮೊದಲಿಂದ ಅಂದ್ರೆ ಆರು ತಿಂಗಳು ಹಿಂದಕ್ಕೆ ಹೋಗ್ತೀವಿ," ಎಂದರು.

"ಹೋಗೋಣ ಸಾರ್."

"ನಡೀರಿ ಹಾಗಾದ್ರೆ."

ಈಗ ಹೊಸ ಯೋಜನೆ. ಮೊದಲು ಪ್ರತಿಯೊಬ್ಬರ ಸೊಂಟ, ಭುಜ, ಬೆನ್ನು ಎಷ್ಟು ತಿರುಗುತ್ತದೆ ಎಂದು ಅಳೆಯುವುದು. ಅದಕ್ಕೆ ತಕ್ಕಂತೆ ಪಾದದ ದಿಕ್ಕು, ಅಂತರ, ಚೆಂಡಿನ ಜಾಗ ಗೊತ್ತು ಮಾಡುವುದು. ಯಾರಿಗೂ ನೋವಾಗುವ ಮಟ್ಟಕ್ಕೆ ಹೋಗದಂತೆ ಸ್ವಲ್ಪಸ್ವಲ್ಪವೇ ಬದಲಿಸಿ ನೋಡುವುದು. ಸಮಸ್ಯೆ ಏನೆಂದರೆ, ಪಾದವನ್ನು ಚೂರುಚೂರೇ ತಿರುಗಿಸಿ, ಎಷ್ಟು ತಿರುಗಿತು ಎಂದು ಖಚಿತವಾಗಿ ಓದಬಲ್ಲ ಒಂದು ಸಾಧನ ನಮ್ಮ ಬಳಿ ಇರಲಿಲ್ಲ. ನೆಲದ ಮೇಲೆ ಟೇಪ್ ಅಂಟಿಸಿ ಕೋನಮಾಪಕ ಇಟ್ಟು ನೋಡಿದೆವು. ಒಂದು ಹೊಡೆತಕ್ಕೆ ಟೇಪ್ ಕಿತ್ತುಬರುತ್ತಿತ್ತು.

ಅಪ್ಪನ ಹತ್ತಿರ ಹೋಗಿ ಹೇಳಿದೆ. ಅವರು ಕೂತಲ್ಲೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆಯಲು ಶುರುಮಾಡಿದರು. ಎರಡು ಅಲ್ಯೂಮಿನಿಯಂ ತಟ್ಟೆಗಳು, ಕೆಳಗೆ ಬೇರಿಂಗು, ಅಂಚಿನಲ್ಲಿ ಡಿಗ್ರಿಯ ಗೀಟುಗಳು, ಒಂದು ಬಿಗಿಸುವ ತಿರುಪು. ಹಲಗೆಯ ಭಾರದ ಅಳತೆಗೆ ಅಡ್ಡ ಬರದಷ್ಟು ಹಗುರ.

"ಯಾಕೆ ಬೇಕು ಇದು?" ಎಂದು ಕೇಳಿದರು. ನಾನು ಮಲ್ಲತ್ತಹಳ್ಳಿಯ ಕಥೆ ಹೇಳಿದೆ, ನಾನು ಪಾದ ತಿರುಗಿಸಿದ್ದನ್ನೂ ಬಿಡದೆ.

ಅಪ್ಪ ಪೆನ್ಸಿಲ್ ಕೆಳಗಿಟ್ಟರು. "ಜಾಬ್‌ಗೆ ತಕ್ಕ ಹಾಗೆ ಫಿಕ್ಸ್ಚರ್ ಮಾಡ್ಬೇಕು ಕಣೇ. ಫಿಕ್ಸ್ಚರ್‌ಗೆ ಕೂರ್ಲಿಲ್ಲ ಅಂತ ಜಾಬ್‌ನ ಸುತ್ತಿಗೇಲಿ ಹೊಡೆದ್ರೆ ಏನಾಗತ್ತೆ?" ಜಾಬ್ ಎಂದರೆ ಕೊರೆಯಬೇಕಾದ ಲೋಹದ ತುಂಡು, ಫಿಕ್ಸ್ಚರ್ ಎಂದರೆ ಅದನ್ನು ಹಿಡಿದಿಡುವ ಚೌಕಟ್ಟು. ಇಂಥ ಮಾತುಗಳು ನಮ್ಮ ಮನೆಯಲ್ಲಿ ಊಟದ ಹೊತ್ತಿನಲ್ಲೂ ಬರುತ್ತಿದ್ದವು. ನಾನು ಕಿವಿಗೊಟ್ಟದ್ದೇ ಕಡಿಮೆ.

ಮಾರನೆಯ ವಾರ ಅವರ ಹಳೆಯ ಸಹೋದ್ಯೋಗಿಯೊಬ್ಬರ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮುಂದೆ ಅಪ್ಪ ಮತ್ತೆ ನಿಂತರು. ಹಣೆಯಲ್ಲಿ ವಿಭೂತಿ, ಮೈಮೇಲೆ ನಿವೃತ್ತಿಯ ದಿನ ಮಡಿಸಿಟ್ಟಿದ್ದ ನೀಲಿ ಕೋಟು. ಅವರಿಗೆ ಆಗ ಎಪ್ಪತ್ತೆರಡು. ಅಂಚಿನ ಗೀಟುಗಳನ್ನು ಒಂದೊಂದಾಗಿ ಕೊರೆಯಲು ಅವರಿಗೆ ನಾಲ್ಕು ದಿನ ಹಿಡಿಯಿತು. ಕೊನೆಗೆ ತಟ್ಟೆಯನ್ನು ಬೆರಳಿನಿಂದ ತಿರುಗಿಸಿ, ಅಲ್ಲಾಡಿಸಿ ನೋಡಿ, "ಪ್ಲೇ ಇಲ್ಲ, ತಗೊಂಡ್ ಹೋಗು," ಎಂದರು. ಒಂದಿಷ್ಟೂ ಸಡಿಲ ಇಲ್ಲ ಎಂದರ್ಥ. ಪ್ರಯೋಗಾಲಯದಲ್ಲಿ ಪ್ರೊಫೆಸರು ಅದನ್ನು ಮೂರು ಸಲ ಪರೀಕ್ಷಿಸಿ, "ಇದನ್ನ ಯಾವ ಕಂಪನಿಯಿಂದ ತರಿಸಿದ್ರಿ?" ಎಂದು ಕೇಳಿದಾಗ ನಾನು, "ನಮ್ಮ ಮನೆಯಿಂದ ಸಾರ್," ಎಂದೆ. ಹಾಗೆ ಹೇಳಿದ ಆ ಕ್ಷಣವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಮುಂದಿನ ಒಂದೂವರೆ ವರ್ಷ ಅಳತೆ, ಮತ್ತೆ ಅಳತೆ. ಬೆಳಿಗ್ಗೆ ಕ್ಲಿನಿಕ್, ಮಧ್ಯಾಹ್ನ ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿ. ಬಂದವರನ್ನು ಮೊದಲು ಮಂಚದ ಮೇಲೆ ಮಲಗಿಸಿ ಕೀಲು ನೋಡುವುದು, ಆಮೇಲೆ ಅಪ್ಪನ ತಟ್ಟೆಗಳ ಮೇಲೆ ನಿಲ್ಲಿಸುವುದು. ಎಷ್ಟು ಜನರಲ್ಲಿ ಎಷ್ಟು ಬಗೆ! ಎರಡೂ ಸೊಂಟ ಎರಡು ರೀತಿ ಇದ್ದವರು, ಉದ್ದ ತೋಳಿನವರು, ಬಲಗಾಲನ್ನು ನೇರ ಇಟ್ಟರೆ ಹಿಂದಕ್ಕೆ ತಿರುಗಲೇ ಆಗದವರು. ಕೆಲವರಿಗೆ ಪುಸ್ತಕದ ನಿಲುವೇ ಹೇಳಿ ಮಾಡಿಸಿದಂತಿತ್ತು. ಅದನ್ನೂ ಹಾಗೇ ಬರೆದೆ. ಬಹಳಷ್ಟು ಮಂದಿಗೆ ಅವರ ಕೀಲಿಗೆ ಹೊಂದುವ ನಿಲುವು ಕೊಟ್ಟಾಗ ಹೊಡೆತಗಳು ಒಂದೇ ಸಮನಾದವು, ಬೆನ್ನಿನ ಮೇಲಿನ ಹೊರೆ ಇಳಿಯಿತು. ಹದಿನೇಳನೆಯವರು ಬೆನ್ನು ಪೂರ್ತಿ ವಾಸಿಯಾದ ಮೇಲೆ ತಾವಾಗಿಯೇ ಬಂದರು. "ನನ್ ಲೆಕ್ಕ ಅರ್ಧಕ್ಕೆ ನಿಂತಿತ್ತಲ್ಲ ಮೇಡಂ," ಎಂದರು. ತಟ್ಟೆಯ ಮೇಲೆ ನಿಂತು ತಮಗೆ ಸರಿಯೆನಿಸುವಷ್ಟು ತಿರುಗಿಸಿಕೊಂಡರು. ನಾನು ಕೀಲು ಅಳೆದು ಮೊದಲೇ ಬರೆದಿಟ್ಟಿದ್ದ ಗೀಟಿಗೂ ಅವರು ನಿಂತ ಗೀಟಿಗೂ ಎರಡೇ ಗೀಟಿನ ವ್ಯತ್ಯಾಸ.

ಕೊನೆಯ ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು. ಅಪ್ಪ ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಕೂತಿದ್ದರು. ಹಿಂದಿನ ಸಾಲಿನಲ್ಲಿ ಹದಿನೇಳನೆಯವರೂ ಅವರ ಮಗಳೂ ಇದ್ದರು. ಪರೀಕ್ಷಕರು ಧಾರವಾಡದ ಕಡೆಯ ಹಿರಿಯರು, ಸ್ವತಃ ಗಾಲ್ಫ್ ಆಡುವವರು. ಇಂಗ್ಲಿಷಿನಲ್ಲಿ ಒಂದು ಗಂಟೆ ನನ್ನನ್ನು ಹಿಂಡಿದರು. ಕೊನೆಗೆ ಕನ್ನಡಕ್ಕೆ ಬಂದರು.

"ಅಂದ್ರ ಯಾರು ಹೆಂಗ ಬೇಕಾದ್ರೂ ನಿಲ್ಲಬಹುದು ಅಂತೀರೇನ್ರೀ?"

"ಇಲ್ಲ ಸಾರ್. ಹೇಗೆ ಬೇಕಾದ್ರೂ ಅಲ್ಲ. ಅವರವರ ಮೂಳೆ ಎಷ್ಟು ಜಾಗ ಬಿಟ್ಟಿದೆಯೋ ಅದಕ್ಕೆ ತಕ್ಕ ಹಾಗೆ. ಅದನ್ನ ಅಳೀದೆ ನಿಲ್ಲಿಸಬಾರದು ಅಂತೀನಿ." ಮುಂದಿನ ಸಾಲು ನೋಡಿ, ಫಿಕ್ಸ್ಚರಿನ ಮಾತನ್ನೂ ಹೇಳಿದೆ. ಅಪ್ಪ ಕಣ್ಣು ತಗ್ಗಿಸಿ ಶರ್ಟಿನ ಗುಂಡಿ ಸರಿ ಮಾಡಿಕೊಂಡರು.

"ಈ ಹದಿನೇಳನೇವ್ರು ಯಾರ್ರೀ? ನಿಮ್ಮ ಇಡೀ ಪ್ರಬಂಧದಾಗ ಭಾಳ ಗಟ್ಟಿ ಮನಷ್ಯಾ ಅವರೇ."

"ಹೆಸರು ಹೇಳೋ ಹಾಗಿಲ್ಲ ಸಾರ್. ನಿಯಮ ಇದೆ."

ಹಿಂದಿನ ಸಾಲಿನಿಂದ ಕುರ್ಚಿ ಸರಿದ ಸದ್ದಾಯಿತು. "ನಾನೇ ಸಾರ್ ಅದು," ಎಂದರು ಅವರು ಎದ್ದು ನಿಂತು. ಇಡೀ ಕೋಣೆ ತಿರುಗಿತು. ಅವರ ಧ್ವನಿ ಒಂದಿಷ್ಟೂ ಅಳುಕಲಿಲ್ಲ. "ನನ್ ಕಾಲೇ ಅದು."

ಪರೀಕ್ಷಕರು ಅವರನ್ನು ಒಂದು ಕ್ಷಣ ನೋಡಿ, "ನಮಗೂ ತೋರಸ್ತೀರೇನವಾ?" ಎಂದರು. ಎಲ್ಲರೂ ಪಕ್ಕದ ಪ್ರಯೋಗಾಲಯಕ್ಕೆ ಹೋದೆವು. ಸೀರೆಯಲ್ಲೇ, ಸೆರಗು ಬಿಗಿದು, ಎಡಪಾದವನ್ನು ಹತ್ತಕ್ಕೆ ಇಟ್ಟು ಐದು ಚೆಂಡು ಹೊಡೆದರು. ಐದೂ ಬಲೆಯ ಒಂದೇ ಕಣ್ಣಿಗೆ ಬಡಿದಂತೆ ಸದ್ದು ಮಾಡಿದವು. ಆಮೇಲೆ ಪರೀಕ್ಷಕರು ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಟೈ ಸಮೇತ ಪರೀಕ್ಷೆಯ ಮಂಚದ ಮೇಲೆ ಬೋರಲಾಗಿ ಮಲಗಿಬಿಟ್ಟರು. "ನಂದೂ ನೋಡ್ರಿ ಒಮ್ಮೆ. ಮೂವತ್ತು ವರ್ಷ ಆತು, ಬಲಗಾಲು ನೆಟ್ಟಗ ಇಡು ಅಂತ ಬೈಸ್ಕೊಳ್ಳಾಕತ್ತೀನಿ." ಅವರ ಬಲಸೊಂಟ ನಿಜಕ್ಕೂ ಬಿಗಿಯಾಗಿತ್ತು. ಪ್ರೊಫೆಸರು ಮೊದಲು ನಕ್ಕರು, ಆಮೇಲೆ ಎಲ್ಲರೂ. ನನಗೆ ಡಾಕ್ಟರೇಟ್ ಸಿಕ್ಕಿತು ಎಂದು ಅವರು ಮಂಚದ ಮೇಲಿಂದ ಏಳುತ್ತಲೇ ಹೇಳಿದ್ದು.

ಈಗ ಆ ಮೈದಾನದಲ್ಲಿ ಹೊಸದಾಗಿ ಕಲಿಯಲು ಬಂದವರನ್ನು ಮೊದಲು ಒಂದು ಬೆಂಚಿನ ಮೇಲೆ ಮಲಗಿಸುತ್ತಾರೆ. ಮಲಗಿಸುವವರು ಹದಿನೇಳನೆಯವರೇ. ನಾನು ಮೂರು ತಿಂಗಳು ಅವರಿಗೆ ಕೀಲು ನೋಡುವುದನ್ನು ಹೇಳಿಕೊಟ್ಟೆ. ನೋವಿದ್ದವರನ್ನು ಮುಟ್ಟದೆ ನನ್ನಲ್ಲಿಗೆ ಕಳಿಸಬೇಕು ಎಂಬುದನ್ನೂ. ಅವರ ಕೈ ನಾನು ಈಗ ಕಾಲೇಜಿನಲ್ಲಿ ಕಲಿಸುವ ವಿದ್ಯಾರ್ಥಿಗಳ ಕೈಗಿಂತ ಚೆನ್ನಾಗಿದೆ. ಚೆಂಡು ಆರಿಸುವ ಕೆಲಸಕ್ಕೆ ಮ್ಯಾನೇಜರ್ ಬೇರೆಯವರನ್ನು ನೇಮಿಸಿದ್ದಾರೆ.

ಕಳೆದ ತಿಂಗಳು ಅಲ್ಲೊಂದು ಸ್ಪರ್ಧೆ ನಡೆಯಿತು. ಅಭ್ಯಾಸಕ್ಕೆ ಬರುವವರಿಗೂ ಅಲ್ಲಿ ಕೆಲಸ ಮಾಡುವವರಿಗೂ ಒಟ್ಟಿಗೆ. ನೂರು ಹೆಜ್ಜೆ ದೂರದ ಬಾವುಟಕ್ಕೆ ಯಾರು ಹತ್ತಿರ ಬೀಳಿಸುತ್ತಾರೆ ಎಂಬುದು. ಹದಿನೇಳನೆಯವರೂ ಹೆಸರು ಕೊಟ್ಟಿದ್ದರು. ನಾನೂ ಅಪ್ಪನೂ ಮೆಟ್ರೋದಲ್ಲಿ ಹೋದೆವು. ಅವರ ಸರದಿ ಬಂದಾಗ ನನ್ನ ಪಕ್ಕದಲ್ಲಿದ್ದ ಟೋಪಿಯ ಗೃಹಸ್ಥರೊಬ್ಬರು ಗೆಳೆಯನಿಗೆ, "ಕಾಲ್ ನೋಡು ಗುರು, ಹೇಗಿಟ್ಕೊಂಡಿದಾರೆ. ಯಾರಾದ್ರೂ ಹೇಳ್ಬಾರ್ದಾ?" ಎಂದರು.

"ಅವರ ಕಾಲು ಹಾಗೇ ಇರಬೇಕು ಸಾರ್," ಎಂದೆ.

"ನಿಮಗೆ ಗೊತ್ತಾ ಮೇಡಂ ಇದೆಲ್ಲ?"

"ಸ್ವಲ್ಪ ಗೊತ್ತು."

ಅಪ್ಪ ನಡುವೆ ಬಾಯಿ ಹಾಕಿದರು. "ಸ್ವಲ್ಪ ಅಲ್ಲ ರೀ. ಡಾಕ್ಟ್ರು ಅವಳು ಇದರಲ್ಲಿ."

ಅವರು ಹೊಡೆದ ಮೂರು ಚೆಂಡುಗಳಲ್ಲಿ ಎರಡು ಬಾವುಟದ ಎರಡು ಮಾರು ಹತ್ತಿರಕ್ಕೆ ಬಿದ್ದವು, ಒಂದು ಸ್ವಲ್ಪ ಎಡಕ್ಕೆ ಹೋಯಿತು. ಒಟ್ಟು ಎರಡನೆಯ ಸ್ಥಾನ. ಮೊದಲ ಸ್ಥಾನ ಬಂದದ್ದು ಒಬ್ಬ ಇಪ್ಪತ್ತರ ಹುಡುಗಿಗೆ. ಅವಳ ನಿಲುವನ್ನೂ ಇವರೇ ಬೆಂಚಿನ ಮೇಲೆ ನೋಡಿ ಗೊತ್ತು ಮಾಡಿದ್ದು. ಹೆಸರು ಕೂಗಿದಾಗ ಅವರು ಮೊದಲು ಆ ಹುಡುಗಿಯ ಬೆನ್ನು ತಟ್ಟಿ, ಆಮೇಲೆ ತಮ್ಮ ಬಹುಮಾನ ತೆಗೆದುಕೊಳ್ಳಲು ಹೋದರು. ಮಗಳು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ ಅಳುತ್ತಿದ್ದುದರಿಂದ ಅದು ಪೂರ್ತಿ ಅಲ್ಲಾಡಿದೆ. ನನಗೂ ಕಳಿಸಿದ್ದಾಳೆ.

ಬಹುಮಾನ ಒಂದು ಹೊಸ ಗಾಲ್ಫ್ ಕೋಲು. ಅವರು ಅದನ್ನು ಪ್ಲಾಸ್ಟಿಕ್ ಬಿಚ್ಚದೆ ನನ್ನ ಕೈಗೆ ಕೊಟ್ಟು, "ಭಾರ ನೋಡಿ ಮೇಡಂ, ಎಷ್ಟ್ ಹಗುರ ಇದೆ," ಎಂದರು. ನಾನು ಹಿಡಿದು ನೋಡಿ ಅಪ್ಪನಿಗೆ ಕೊಟ್ಟೆ. ಅಪ್ಪ ಕನ್ನಡಕ ಹಣೆಗೇರಿಸಿ, ಪ್ಲಾಸ್ಟಿಕ್ಕಿನ ಮೇಲಿಂದಲೇ ಕೋಲಿನ ತಲೆ ದಂಡಕ್ಕೆ ಕೂತ ಜಾಗವನ್ನು ಬೆರಳಿನಿಂದ ಸವರುತ್ತಾ, ಒಳ್ಳೆಯ ಕೆಲಸ ಎಂದು ತಲೆಯಾಡಿಸಿದರು. ನಾಲ್ವರೂ ಅಲ್ಲೇ ರಸ್ತೆಬದಿಯ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ಅವರು ಇಡೀ ಹೊತ್ತು ಎಡಕ್ಕೆ ಹೋದ ಆ ಒಂದು ಚೆಂಡಿನ ಬಗ್ಗೆಯೇ ಮಾತಾಡುತ್ತಿದ್ದರು.